ಕಣಕ್ಕೆ ಬಿದ್ದ ಕಲ್ಲು

ಆಗೆಲ್ಲ ಕಾಫಿ ಕೊಯ್ಲು ಶುರುವಾಯಿತೆಂದರೆ ಕೊಟ್ಟಿಗೆಹಾರದ ನಮ್ಮ ಮನೆಯವರೆಲ್ಲ ಕಣದಲ್ಲೇ ಇರುತ್ತಿದ್ದರು. ಸಗಣಿ ಬಗ್ಗಡ ಬಳಿದ ನೆಲದ ಮೇಲೆ ಹಣ್ಣು ಹರಡಿದರೆ ಮೂಗಿಗೆಲ್ಲ ಹುಳಿಹುಳಿ ವಾಸನೆ. ಅದರ ನಡುವೆ ಮಣೆ ಹಾಕಿಕೊಂಡು ಅಜ್ಜಿ ಕೂರುತ್ತಿದ್ದರು. ಬಿಸಿಲಿಗೆ ಬೆನ್ನು ಕೊಟ್ಟು ಕೂತರೇನೇ ಅವರಿಗೆ ಊಟ ಸೇರುತ್ತಿದ್ದದ್ದು.

ಅವತ್ತು ಮಧ್ಯಾಹ್ನ ನಾನು ಒಳಗಿನಿಂದ ಕೂಗಿ ಮಜ್ಜಿಗೆ ಬೇಕೆಂದು ಹಠ ಹಿಡಿದೆ.

"ನಿನ್ ಕಾಟ ತಡೆಯಕ್ಕಾಗಲ್ಲ ಮಾರಾಯ್ತಿ," ಎಂದು ಅಜ್ಜಿ ಎದ್ದು ಬಂದರು. ಲೋಟ ಕೈಗೆ ಬರುವ ಮೊದಲೇ ಢಮಾರ್ ಎಂದಿತು. ಹೆಂಚುಗಳೆಲ್ಲ ಗಡಗಡ ಅಂದವು.

"ಯಾರೋ ಅದು, ಕಣದ ಕಡೆ ಮಂಗಕ್ಕೆ ಈಡು ಹೊಡೆದೋರು?" ಅಜ್ಜಿ ಬೈಯುತ್ತಲೇ ಹೊರಗೆ ಹೋದರು. ಪಕ್ಕದ ತೋಟದ ಮಂಜಣ್ಣ ಏದುಸಿರು ಬಿಡುತ್ತಾ ಓಡಿಬಂದ. "ನಾನಲ್ಲ ಅಮ್ಮಾ, ನನ್ ಕೋವಿ ಮನೇಲೇ ಇದೆ!"

ಕಣದಲ್ಲಿ ಅಜ್ಜಿಯ ಮಣೆ ಚೂರುಚೂರಾಗಿತ್ತು. ಅದಿದ್ದಲ್ಲಿ ಕುಕ್ಕೆಯಷ್ಟು ಗುಂಡಿ, ಒಳಗೊಂದು ಕರಿ ಕಲ್ಲು. ಅಡಿಯ ಹಳದಿ ಮಣ್ಣು ಮೇಲೆದ್ದು ಕೆಂಪು ಹಣ್ಣಿನ ಮೇಲೆಲ್ಲ ಚೆಲ್ಲಿತ್ತು. ನಾವೆಲ್ಲ ಬಾಯಿ ಬಿಟ್ಟುಕೊಂಡು ಮೇಲೆ ನೋಡಿದೆವು. ಒಂದು ಮೋಡವೂ ಇರಲಿಲ್ಲ.

ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಿದ್ದ ಅತ್ತೆ ಭಾನುವಾರ ಬಂದರು. ಕಲ್ಲು ನೋಡಿ ಅವರ ಮುಖವೂ ಬಿಳಿಚಿತು. ಆದರೂ ಅಜ್ಜಿಗೆ ಸಮಾಧಾನ ಹೇಳಲು ಹೊರಟರು.

"ಇದು ಉಲ್ಕೆ ಅಮ್ಮ, ಚಿಕ್ಕದು. ದೊಡ್ಡದು ಬಿದ್ರೆ ಬಂಡೆನೇ ಕರಗುತ್ತೆ, ನೆಲದ ಅಡಿದೆಲ್ಲ ಮಗುಚಿ ಮೇಲೆ ಬರುತ್ತೆ. ಮಹಾರಾಷ್ಟ್ರದ ಲೋಣಾರ್‌ನಲ್ಲಿ ಹಂಗೇ ಒಂದು ಕೆರೆನೇ ಆಗಿದೆ."

ಅಜ್ಜಿ ಗುಂಡಿಯ ಕಡೆ ನೋಡಿದರು. "ಅಲ್ಲಿ ಯಾರಾದ್ರೂ ಕೂತಿದ್ರಾ?"

"ಎಷ್ಟೋ ಸಾವಿರ ವರ್ಷದ ಹಿಂದಿನ ಮಾತಮ್ಮ ಅದು."

"ಕೂತಿದ್ರೆ, ಮಜ್ಜಿಗೆ ಕೇಳೋಕೆ ಅವ್ರಿಗೊಬ್ಳು ಮೊಮ್ಮಗಳು ಇದ್ಳೋ ಇಲ್ವೋ."

ಆಮೇಲೆ ಅಜ್ಜಿ ಕಣಕ್ಕೆ ಇಳಿಯಲಿಲ್ಲ. ನಾನೊಮ್ಮೆ ಕೈ ಹಿಡಿದು ಎಳೆದೆ. ಅಂಚಿನವರೆಗೆ ಬಂದು, ಆಕಾಶ ನೋಡಿ, ಕೈ ಬಿಡಿಸಿಕೊಂಡು ಜಗಲಿಗೆ ಹೋಗಿ ಕೂತರು. ಬಿಸಿಲನ್ನು ಅಷ್ಟು ಪ್ರೀತಿಸುತ್ತಿದ್ದ ಜೀವ, ಕಡೆಯವರೆಗೂ ನೆರಳಲ್ಲೇ ಉಳಿಯಿತು.

ಈಗ ಕಣಕ್ಕೆ ಸಿಮೆಂಟ್ ಹಾಕಿಸಿದ್ದೇವೆ. ಗುಂಡಿಯ ಗುರುತೂ ಇಲ್ಲ. ಹಣ್ಣಿನ ಹುಳಿ ವಾಸನೆ ಹಾಗೇ ಇದೆ, ಬಿಸಿಲಲ್ಲಿ ಮೈಮರೆತು ಕೂರುವ ಆ ನಿಶ್ಚಿಂತೆ ಮಾತ್ರ ನಮ್ಮ ಮನೆಗೆ ಮತ್ತೆ ಬರಲಿಲ್ಲ. ಕಣದಲ್ಲಿದ್ದಾಗ ಮಗಳು ಒಳಗಿನಿಂದ ಏನೇ ಬೇಕೆಂದು ಕೂಗಿದರೂ, ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದುಬಿಡುತ್ತೇನೆ.