ಕೋಪ ಯಾರ ಜೊತೆ?

ಮಲ್ಲೇಶ್ವರದ ನಮ್ಮ ಮನೆಯಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಬಿನ್ನಿಪೇಟೆಯಿಂದ ಬರುವ, ಬಟ್ಟೆ ಹೊಲಿಯುವ ಹೆಂಗಸೊಬ್ಬರು ಒಮ್ಮೆ ‘ಐ ಆಮ್ ಆಂಗ್ರಿ ಆನ್ ಮೈ ಹಸ್ಬೆಂಡ್’ ಎಂದು ಬರೆದು ತಂದರು. ನಾನು ‘ಆನ್’ ಹೊಡೆದುಹಾಕಿ ‘ವಿತ್’ ಎಂದು ತಿದ್ದಿದೆ.

"ವಿತ್ ಅಂದ್ರೆ ಜೊತೆ ಅಲ್ವಾ ಮೇಡಂ? ನನಗೆ ಅವರ ಮೇಲೆ ಕೋಪ. ನನ್ನ ಜೊತೆ ಸೇರಿ ಅವರೇನೂ ಕೋಪ ಮಾಡ್ಕೊಂಡಿಲ್ಲ, ಆರಾಮಾಗಿ ಟೀವಿ ನೋಡ್ತಿದ್ರು."

ಇಷ್ಟು ವರ್ಷ ಪಾಠ ಮಾಡಿದರೂ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಇಬ್ಬರೂ ನಿಘಂಟು ತೆರೆದು ಹುಡುಕಿದೆವು. ಕಾರಣ ಸಿಗಲಿಲ್ಲ.

"ನನಗೂ ಗೊತ್ತಿಲ್ಲ, ಅವರ ರೂಢಿ ಹಾಗೆ" ಎಂದು ಒಪ್ಪಿಕೊಂಡೆ.

ಅವರು ‘ವಿತ್’ ಎಂದೇ ಬರೆದುಕೊಂಡು ತಲೆಯೆತ್ತಿದರು. "ಪ್ರೀತಿಲಿದೀನಿ ಅನ್ನೋಕೆ ಯಾವುದು ಹಾಕ್ತಾರೆ ಮೇಡಂ?"

"ಅದಕ್ಕೂ ವಿತ್ತೇ. ಇನ್ ಲವ್ ವಿತ್."

"ಅದು ಸರಿಯಾಗಿದೆ ಬಿಡಿ" ಎಂದು ನಕ್ಕರು.