ಆ ವರ್ಷದ ಕಬಡ್ಡಿ ನಿಲ್ಲಿಸಿದ ಕೋಚ್ ಸಾರ್

ಕೋಚ್ ಸಾರ್ ಅವರ ಎಡಗಿವಿ ಒಣ ಅಂಜೂರದ ಹಾಗೆ ಮುದುಡಿತ್ತು. ಕಬಡ್ಡಿಯಲ್ಲಿ ಎದುರಾಳಿಗಳ ತೊಡೆಗೆ ತಲೆ ಕೊಟ್ಟು ಹಿಡಿದೂ ಹಿಡಿದೂ ಆದ ಗುರುತು. ಪೀಣ್ಯದ ಒಂದು ವಾಲ್ವ್ ಕಾರ್ಖಾನೆಯಲ್ಲಿ ಮೊದಲ ಪಾಳಿ ಮುಗಿಸಿ, ಊಟದ ಡಬ್ಬಿಯ ಸಮೇತ ನೇರ ಮೈದಾನಕ್ಕೆ ಬರುತ್ತಿದ್ದರು. ಮೈದಾನವೆಂದರೆ ಶೆಡ್ಡುಗಳ ಹಿಂದಿನ ಖಾಲಿ ಸೈಟು. ಶೆಡ್ಡಿನವರು ಗುಡಿಸಿ ಎಸೆದ ಕಬ್ಬಿಣದ ಚೂರು ಅಲ್ಲಿ ಎಲ್ಲೆಂದರಲ್ಲಿ. ಹಳೆಯ ಸ್ಪೀಕರಿನ ಅಯಸ್ಕಾಂತಕ್ಕೆ ಹಗ್ಗ ಕಟ್ಟಿ ಸಾರ್ ಅಂಕಣದ ಉದ್ದಗಲ ಎಳೆದಾಡಿದ ಮೇಲೆಯೇ ನಮ್ಮ ಕಾಲು ಮಣ್ಣಿಗೆ ತಾಗಬೇಕು. ನಾವು ಹಿಂದಿನಿಂದ ಆಡಿಕೊಂಡು ನಗುತ್ತಿದ್ದೆವು. "ಗೆರೆ ಮುಟ್ಟಿ ವಾಪಸ್ ಬಾ, ಆಮೇಲೆ ಹೀರೋ ಆಗು" ಎನ್ನುವುದು ಅವರ ದಿನನಿತ್ಯದ ಮಾತು.

ಪ್ರತಿ ವರ್ಷ ಸುತ್ತಲಿನ ಹುಡುಗರಿಗೆ ಅವರೇ ಮುಂದೆ ನಿಂತು ಪಂದ್ಯಾವಳಿ ನಡೆಸುತ್ತಿದ್ದರು. ಕೊರೊನಾದ ಎರಡನೇ ಅಲೆ ಇಳಿಯುತ್ತಿದ್ದಾಗ, ಮನೆಯಲ್ಲೇ ಕೂತು ಹುಡುಗರು ಹಾಳಾಗುತ್ತಾರೆಂದು ಮತ್ತೆ ನಡೆಸಲು ಒಪ್ಪಿದರು. ಜೂನಿಯರ್ ವಿಭಾಗದಲ್ಲಿ ನನಗದು ಕೊನೆಯ ವರ್ಷ. ಆಟಗಾರರನ್ನು ಆರಿಸುವವರು ಬರುವವರಿದ್ದರು; ಅವರ ಕಣ್ಣಿಗೆ ಬಿದ್ದರೆ ಕ್ರೀಡಾ ಕೋಟಾದಲ್ಲಿ ಕೆಲಸ. ಮನಸ್ಸಿನಲ್ಲಿ ನಾನಾಗಲೇ ಜೆರ್ಸಿ ತೊಟ್ಟಾಗಿತ್ತು.

ಅಭ್ಯಾಸ ಮಾತ್ರ ಈಗಲೇ ಬೇಡ ಎಂದಿದ್ದರು ಕೋಚ್ ಸಾರ್. ನಾವು ಕದ್ದು ಆಡಿದೆವು. ಮಾಸ್ಕ್ ಹಾಕಿಕೊಂಡು ಕಬಡ್ಡಿ ಕಬಡ್ಡಿ ಎನ್ನಲು ಹೋಗಿ ಎರಡೇ ನಿಮಿಷಕ್ಕೆ ಎಲ್ಲರದೂ ಗದ್ದಕ್ಕೆ ಇಳಿದಿತ್ತು. ತರಚಿದ ಮೊಣಕೈಗೆ ನಾನು ಅರಿಶಿನ ಮೆತ್ತಿಕೊಂಡು ಆಡುತ್ತಿದ್ದೆ. ಅಷ್ಟರಲ್ಲಿ ಅವರು ಬಂದರು. ಬೈಯಲಿಲ್ಲ. ನಮ್ಮನ್ನು ದೂರ ದೂರ ನಿಲ್ಲಿಸಿ ಒಬ್ಬೊಬ್ಬರನ್ನೇ ನೋಡುತ್ತಾ ಹೋದರು. ನನ್ನ ಅರಿಶಿನ ಒಬ್ಬನ ಕೆನ್ನೆಯಲ್ಲಿತ್ತು, ಇನ್ನೊಬ್ಬನ ತುಟಿಯ ಪಕ್ಕದಲ್ಲಿತ್ತು, ಎಲ್ಲರೂ ಕುಡಿದ ನೀರಿನ ಬಾಟಲಿಯ ಮೇಲೂ ಇತ್ತು.

ಗ್ರೈಂಡಿಂಗ್ ಧೂಳು ಕುಡಿದು ನನ್ನ ಅಪ್ಪನ ಶ್ವಾಸಕೋಶ ಹಾಳಾಗಿದ್ದು ಅವರಿಗೆ ಗೊತ್ತಿತ್ತು.

"ಅರಿಶಿನ ಆದ್ರೆ ಕಣ್ಣಿಗ್ ಕಾಣುತ್ತೆ ಕಣೋ," ಎಂದರು. "ಕಾಣ್ದೇ ಇರೋದನ್ನ ನಿಮ್ಮಪ್ಪನ ಹತ್ರ ಹೊತ್ಕೊಂಡ್ ಹೋದ್ರೆ ಏನ್ ಮಾಡ್ತೀಯಾ?"

ಮರುದಿನವೇ ಪಂದ್ಯಾವಳಿ ರದ್ದಾಯಿತು. ನನ್ನ ಅನ್ನಕ್ಕೆ ಕಲ್ಲು ಹಾಕಿದಿರಿ ಎಂದು ಅವರ ಬಾಗಿಲಲ್ಲೇ ನಿಂತು ಕೂಗಾಡಿದೆ.

"ನಿಂಗೆ ಅನ್ಯಾಯ ಆಗ್ತಿದೆ, ಗೊತ್ತು," ಎಂದರು. "ಕೋಪ ನನ್ ಮೇಲೇ ಇರ್ಲಿ ಬಿಡು."

ಇರಲಿ ಬಿಡು ಎಂದದ್ದನ್ನು ನಾನು ಚಾಚೂ ತಪ್ಪದೆ ಪಾಲಿಸಿದೆ. ಎರಡು ವರ್ಷ ಅವರ ಮನೆ ಮುಂದೆ ಮುಖ ತಿರುಗಿಸಿಕೊಂಡೇ ಓಡಾಡಿದೆ. ಅಷ್ಟರಲ್ಲಿ ವಯಸ್ಸು ಮೀರಿತು, ನಾನೂ ಒಂದು ಶೆಡ್ಡು ಸೇರಿದೆ. ಆಮೇಲೆ ಮಾತು ಶುರುವಾದರೂ ಆ ವಿಷಯವನ್ನು ಇಬ್ಬರೂ ಎತ್ತಲಿಲ್ಲ.

ಕಳೆದ ವರ್ಷ ಹೃದಯಾಘಾತವಾಗಿ ಅವರು ತೀರಿಕೊಂಡರು. ಆಟಗಾರನಾಗಲಿಲ್ಲವೆಂಬ ಸಂಕಟ ನನಗೆ ಇಂದಿಗೂ ಇದೆ, ಇಲ್ಲವೆಂದರೆ ಸುಳ್ಳಾದೀತು. ಅವರ ಚಟ್ಟಕ್ಕೆ ಹೆಗಲು ಕೊಟ್ಟು ನಡೆದೆ. ಆಟೋದಲ್ಲಿ ಬಾ ಎಂದರೂ ಕೇಳದೆ ಅಪ್ಪ ನಡೆದೇ ಬಂದ. ಸ್ಮಶಾನದ ತನಕ ಅವನ ಏದುಸಿರು ನನ್ನ ಬೆನ್ನ ಹಿಂದೆ ಕೇಳಿಸುತ್ತಲೇ ಇತ್ತು.