ಮೂರನೇ ಮಾಳಿಗೆಯ ಸೌಟು

ನಾನು ಫೋನಿನಲ್ಲಿ ಹಾಕುವ ಹಿನ್ನೀರಿನ ಫೋಟೋ ನೋಡಿ "ಅಕ್ಕಾರ, ನೀವು ಸ್ವರ್ಗದಾಗ ಅದೀರಿ ಬಿಡ್ರಿ" ಅಂತ ಬರೆಯುವವರಿಗೆಲ್ಲ ಒಂದು ಮಾತು. ಫೋಟೋದಲ್ಲಿ ವಾಸನೆ ಬರುವುದಿಲ್ಲ. ಬರುವಂತಿದ್ದರೆ ನೀವೆಲ್ಲ ಸೀನಿ ಸೀನಿ ಫೋನು ಕೆಳಗಿಡುತ್ತಿದ್ದಿರಿ.

ನಮ್ಮದು ಸವದತ್ತಿಯ ಹೊರಗೆ, ಡ್ಯಾಮಿನ ಹಿನ್ನೀರಿನ ದಂಡೆಯ ಮೇಲಿರುವ ಕಟ್ಟಡ. ಕೆಳಗೆ ಅಂಗಡಿಗಳು, ಅದರ ಮೇಲೆ ಮೂರು ಮಾಳಿಗೆ ಮನೆಗಳು. ಕಟ್ಟಿಸಿದವರು ಅದಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರಿಟ್ಟು ಲೈಟು ಹಾಕಿಸಿದ್ದಾರೆ. ಆಟೋದವರಿಗೆ ಆ ಹೆಸರು ಹೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. "ನೀರಿನ ಬಿಲ್ಡಿಂಗ್" ಅಂದರೆ ಬಾಗಿಲಿಗೇ ತಂದು ಇಳಿಸುತ್ತಾರೆ. ಕಿರಾಣಿ, ಔಷಧದ ಅಂಗಡಿ, ಟೇಲರ್, ಕಟಿಂಗ್ ಶಾಪ್, ಐಸ್‌ಕ್ರೀಮ್, ಎಲ್ಲ ಸಾಲಾಗಿವೆ. ನೀರಿನ ಕಡೆ ಮುಖ ಮಾಡಿದ ಮೂಲೆಯಲ್ಲಿ ಒಂದು ಖಾನಾವಳಿ. ಆ ಖಾನಾವಳಿಯ ಒಲೆ ಸರಿಯಾಗಿ ನಮ್ಮ ಬಾಲ್ಕನಿಯ ಕೆಳಗೆ.

ಯರಗಟ್ಟಿಯಲ್ಲಿ ನಮ್ಮದು ದೊಡ್ಡ ಮನೆ ಇತ್ತು. ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಮೇಲೆ ನಮ್ಮ ಪಾಲಿಗೆ ಬಂದದ್ದನ್ನು ಮಾರಿ ಇಲ್ಲಿ ಮೂರನೇ ಮಾಳಿಗೆಯಲ್ಲಿ ಮನೆ ತೆಗೆದುಕೊಂಡೆವು. ನಮ್ಮ ಯಜಮಾನರು ಈಗಲೂ ಯರಗಟ್ಟಿಗೆ ಹೋಗಿ ಹತ್ತಿ, ಗೋವಿನಜೋಳದ ವ್ಯಾಪಾರ ಮಾಡಿಕೊಂಡು ಸಂಜೆಗೆ ಬರುತ್ತಾರೆ. ಬಂಧುಗಳು ಬಂದರೆ ಬಾಲ್ಕನಿಯಲ್ಲಿ ನಿಂತು ಮೂಗು ಮುರಿಯುತ್ತಾರೆ. "ಗಾಳಿಯಾಗ ಮನಿ ಕಟ್ಟೀರಲ್ಲ, ಕಾಲಿಗೆ ಮಣ್ಣ ಹತ್ತಾಂಗಿಲ್ಲ" ಅನ್ನುತ್ತಾರೆ. ಬೇಸಿಗೆಯಲ್ಲಿ ನೀರು ದೂರ ಸರಿದಾಗ ಬಂದವರಂತೂ "ಎಲ್ಲೈತ್ರೀ ನಿಮ್ಮ ನೀರು, ದುರ್ಬೀನು ಕೊಡ್ರಿ" ಅಂತ ಕಾಡುತ್ತಾರೆ. ಕಾಡಲಿ. ಒಗ್ಗರಣೆ ಹಾಕುವಾಗ ಕರಿಬೇವು ಇಲ್ಲ ಅಂತ ಗೊತ್ತಾದರೆ ಗ್ಯಾಸು ಸಣ್ಣ ಮಾಡಿ ಕೆಳಗಿಳಿದು, ತಂದು, ಎಣ್ಣೆ ಸುಡುವುದರೊಳಗೆ ಹಾಕುವವಳು ನಾನು. ಅವರಿಗೆ ಆ ಸುಖ ಏನು ಗೊತ್ತು?

ಆದರೆ ಆ ಖಾನಾವಳಿ. ನಡೆಸುವಾಕೆ ರಾಮದುರ್ಗದ ಕಡೆಯವಳು, ಹೆಚ್ಚು ಕಡಿಮೆ ನನ್ನದೇ ವಯಸ್ಸು. ಕತ್ತಲು ಹರಿಯುವ ಮೊದಲೇ ಆಕೆಯ ರೊಟ್ಟಿ ಬಡಿಯುವ ಸಪ್ಪಳ ಶುರು. ಬಿಸಿಲು ಬಂತೆಂದರೆ ಮೆಣಸಿನಕಾಯಿ ಹುರಿಯುವ ಘಾಟು. ನೀರಿನ ಕಡೆ ಬೇರೆ ಮನೆ ಮಠ ಇಲ್ಲದ್ದರಿಂದ ಸಪ್ಪಳ, ಹೊಗೆ, ಮಾತು ಎಲ್ಲವೂ ಗೋಡೆ ಹಿಡಿದು ನೇರ ನಮ್ಮ ಮನೆಗೇ ಏರುತ್ತವೆ. ನಾನು ಸೌಟು ತೆಗೆದುಕೊಂಡು ಹೋಗಿ ಬಾಲ್ಕನಿಯ ಗ್ರಿಲ್ಲಿಗೆ ಬಡಿಯುತ್ತೇನೆ. ಆಕೆ ಒಲೆಯ ಮೇಲಿನ ತಗಡಿನ ಚಾವಣಿಯ ಕೆಳಗಿನಿಂದ ಹೊರಗೆ ಬಂದು ಕತ್ತು ಎತ್ತುತ್ತಾಳೆ.

"ಯಕ್ಕಾ, ನಮ್ಮನ್ನ ಹೊಗಿ ಹಾಕಿ ಓಡಸಬೇಕಂತ ಮಾಡಿಯೇನ?"

"ಹೊಗಿ ಹಾಕಿದ್ರ ಇಲಿ ಓಡತಾವರಿ ಅಕ್ಕಾರ, ನೀವೆಲ್ಲಿ ಓಡತೀರಿ! ಮೂಗು ಮುಚ್ಚಿಕೋರಿ, ನಾ ಅಂಗಡಿ ಮುಚ್ಚಾಂಗಿಲ್ಲ."

ಇದು ನಮ್ಮ ದಿನದ ಮೊದಲ ಮಾತು. ಟೇಲರ್ ಹೇಳುವ ಪ್ರಕಾರ ನನ್ನ ಸೌಟಿನ ಸಪ್ಪಳ ಕೇಳಿಯೇ ಅವನು ಶಟರ್ ಎತ್ತುವುದು.

ಹೀಗಿರುವಾಗ ಮಗಳ ಮದುವೆಯ ಮಾತು ಬಂತು. ಮಗಳು ಬೈಲಹೊಂಗಲದ ಒಂದು ಸಾಲೆಯಲ್ಲಿ ಟೀಚರು. ಅಲ್ಲೇ ಪಾಠ ಹೇಳುವ ಗೆಳತಿಯ ಅಣ್ಣ ಹುಡುಗ. ನೇಸರಗಿಯ ಒಕ್ಕಲುತನದ ಮನೆ, ಅವನು ಬೈಲಹೊಂಗಲದಲ್ಲಿ ಹನಿ ನೀರಾವರಿ ಪೈಪಿನ ಅಂಗಡಿ ಇಟ್ಟಿದ್ದಾನೆ. ಒಮ್ಮೆ ತಂಗಿಯ ಜೊತೆ ಮನೆಗೆ ಬಂದು ಚಹಾ ಕುಡಿದು ಹೋದ. ಹೋದ ಮೇಲೆ ಮಗಳು ಅಡುಗೆಮನೆಗೆ ಬಂದು, ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ ಮಾಡುತ್ತ ಹೇಳಿದಳು: "ಅವ್ವಾ, ಇನ್ನ ಬ್ಯಾರೆ ಯಾರನ್ನೂ ನೋಡೂದು ಬ್ಯಾಡ."

ನನ್ನ ಮಗಳು ಬಾಯಿ ಬಿಟ್ಟು ಏನನ್ನೂ ಬೇಡಿದವಳಲ್ಲ. ನನ್ನ ಬಾಯಿ ನೋಡಿ ನೋಡಿ ಆಕೆಗೆ ಸಾಕಾಗಿದೆಯೋ ಏನೋ. ಹಾಗಾಗಿ ಆ ಒಂದು ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು.

ಆದರೆ ಆ ಮನೆಯಲ್ಲಿ ಹೂಂ ಅನ್ನಬೇಕಾದವರು ಹುಡುಗನ ಆಯಿ, ಅಂದರೆ ಅಜ್ಜಿ. ಆಕೆಗೆ ನಮ್ಮ ಮನೆಯೇ ಗಂಟಲಲ್ಲಿ ಸಿಕ್ಕಿತ್ತು. ಗೆಳತಿಯ ಬಾಯಲ್ಲಿ ಮಾತು ನಮ್ಮ ತನಕ ಬಂತು: "ಅಂಗಡಿ ಮ್ಯಾಲ ಇರೂ ಮಂದಿ. ಓಣಿ ಇಲ್ಲ, ಅಕ್ಕಪಕ್ಕ ಇಲ್ಲ. ಇವರ ಮನಿತಾನ ಯಾರನ್ನ ಕೇಳೂದು?"

ನಮ್ಮ ಕಡೆ ಹುಡುಗಿಯ ಮನೆಗೆ ಹೋಗುವ ಮೊದಲು ಓಣಿಯಲ್ಲಿ ಕೇಳುವುದು ರೂಢಿ. ಎದುರುಮನೆಯವರು, ಚಹಾದಂಗಡಿಯವರು, ನೀರಿಗೆ ಬಂದವರು, ಯಾರಾದರೂ ಸರಿ. ಹುಡುಗಿ ಹೇಗೆ, ತಾಯಿ ಹೇಗೆ, ಬಂದವರಿಗೆ ಒಂದು ತುತ್ತು ಹಾಕುವ ಮನೆಯೋ ಅಲ್ಲವೋ ಅಂತ. ಯರಗಟ್ಟಿಯಲ್ಲಿದ್ದರೆ ಕೇಳಲು ನೂರು ಮಂದಿ ಇದ್ದರು. ಇಲ್ಲಿ ನಾವು ಹೊಸಬರು.

"ಆಯಿ ಒಲ್ಲೆ ಅಂದ್ರ ಆ ಮನ್ಯಾಗ ಯಾರೂ ಹೂಂ ಅನ್ನಾಂಗಿಲ್ಲ ಅವ್ವಾ. ಅವರೂ ಅನ್ನಾಂಗಿಲ್ಲ" ಅಂದಳು ಮಗಳು. ಅವನು ಆಗಲೇ 'ಅವರು' ಆಗಿದ್ದ.

ತುಳಸಿ ಲಗ್ನ ಮುಗಿದ ಮೇಲಿನ ಒಂದು ಭಾನುವಾರ ಆಯಿ ಬರುವುದೆಂದು ಗೊತ್ತಾಯಿತು. ಹಿನ್ನೀರು ತುಂಬಿ ಕಟ್ಟಡದ ಹತ್ತಿರವೇ ಬಂದಿತ್ತು. ನೀರಾದರೂ ನಮ್ಮ ಮಾನ ಕಾಯುತ್ತದೆ ಅಂದುಕೊಂಡೆ. ಬೆಳಿಗ್ಗೆ ಮಗಳು ನನ್ನ ಎರಡೂ ಕೈ ಹಿಡಿದುಕೊಂಡು, "ಅವ್ವಾ, ಇವತ್ತೊಂದಿನ ಸೌಟ ಮುಟ್ಟಬ್ಯಾಡ" ಅಂದಳು. ಆಗಲಿ ಅಂದೆ.

ಅಷ್ಟರಲ್ಲಿ ಮೆಣಸಿನಕಾಯಿ ಘಾಟು ಬಂತು. ದಿನದ್ದಲ್ಲ, ಅದರ ಅಪ್ಪ. ಯಲ್ಲಮ್ಮನ ಗುಡ್ಡಕ್ಕೆ ಹೊರಟ ಒಂದು ಬಸ್ಸಿನ ಮಂದಿಗೆ ಅಡುಗೆ ನಡೆದಿತ್ತು. ನಮ್ಮ ಯಜಮಾನರು ಕೆಮ್ಮಿದರು. ಮಗಳು ಸೀನಿದಳು. ಮಂಚದ ಮೇಲೆ ಹರವಿಟ್ಟ ಅವಳ ಇಳಕಲ್ ಸೀರೆಯೂ ಸೀನಿದಂತೆ ನನಗೆ ಕಂಡಿತು. ನಾನು ಸೌಟು ತಗೊಂಡೆ.

"ಯಕ್ಕಾ! ಇವತ್ತೊಂದ ಮುಂಜಾನಿ ಒಲಿ ಆರಸು!"

"ಒಲಿ ಆರಿಸಿ ಬಸ್ಸಿನ ಮಂದಿಗೆ ನಿಮ್ಮ ಸೌಟ ತಿನಿಸಲೇನ್ರಿ?"

"ನನಗ ಮಂದಿ ಬರೂರದಾರ!"

"ನನಗೂ ಬರೂರದಾರ! ನಿಮ್ಮ ಮಂದಿ ಭಾಳ ನಾಜೂಕ ಇದ್ರ ನೀರಿನ ಮ್ಯಾಲ ಕುಂಡ್ರಸ್ರಿ!"

ನಾನೂ ಬಿಡಲಿಲ್ಲ, ಆಕೆಯೂ ಬಿಡಲಿಲ್ಲ. ಯಾರು ಬರುತ್ತಾರೆ, ಯಾಕೆ ಬರುತ್ತಾರೆ ಅಂತ ಮಾತ್ರ ಹೇಳಲಿಲ್ಲ. ಬಾಯಿಗೆ ಸಕ್ಕರೆ ಬೀಳುವ ತನಕ, ಅಂದರೆ ಮಾತು ಗಟ್ಟಿಯಾಗುವ ತನಕ, ಹೊರಗೆ ಸುದ್ದಿ ಬಿಡಬಾರದು ಅನ್ನುವುದು ನಮ್ಮತ್ತೆಯವರ ಕಾಲದಿಂದ ಬಂದದ್ದು.

ಹೇಳಿದ ಹೊತ್ತು ಮೀರಿತು. ಬಸ್ಸಿನವರು ಉಂಡು ಹೋದರು. ನಮ್ಮ ಬೀಗರ ಸುಳಿವಿಲ್ಲ. ಯಜಮಾನರು ಮುಂದಿನ ಕಿಟಕಿಯಿಂದ ಇಣುಕಿ ನೋಡಿ, "ಏ, ನೇಸರಗಿ ಗಾಡಿ ಆಗಲೇ ಬಂದು ನಿಂತೈತಿ. ಡ್ರೈವರ್ ಕಟಿಂಗ್ ಶಾಪಿನ್ಯಾಗ ಕುಂತಾನ" ಅಂದರು.

"ಮತ್ತ ಅವರೆಲ್ಲಿ?"

ಉತ್ತರ ಬಾಲ್ಕನಿಯ ಕಡೆಯಿಂದ ಬಂತು. ಕೆಳಗೆ, ತಗಡಿನಡಿಯಿಂದ, ಕಿವಿ ಮಂದವಾದವರು ಮಾತಾಡುವ ದೊಡ್ಡ ದನಿ: "ಯವ್ವಾ, ರೊಟ್ಟಿ ಚಲೋ ಅದಾವ. ಈ ಮ್ಯಾಲ ಇರತಾರಲ್ಲ, ಮೂರನೇ ಮಾಳಿಗ್ಯಾಗ, ಯರಗಟ್ಟಿ ಮಂದಿ. ಹೆಂಗ ಅದಾರ ಅವರು?"

ಓಣಿ ಇಲ್ಲದ ಊರಿನಲ್ಲಿ ಆಯಿ ಓಣಿ ಹುಡುಕಿಕೊಂಡಿದ್ದರು. ಕೇಳಬಾರದವಳನ್ನೇ ಹಿಡಿದು ಕೇಳುತ್ತಿದ್ದರು. ಮಗಳು ಬಂದು ಪಕ್ಕದಲ್ಲಿ ನಿಂತಳು.

"ಯಾರು, ಸೌಟಿನಾಕಿನ?" ಆಯಿಗೆ ಕೇಳಲಿ ಅಂತ ಖಾನಾವಳಿಯಾಕೆಯೂ ದನಿ ಏರಿಸಿದಳು. "ಅಕಿ ಸುದ್ದಿ ತಗೀಬ್ಯಾಡ್ರಿ ಆಯಿ. ದಿನಾ ಜಗಳ. ಇವತ್ತೂ ಆಗೇತಿ. ಅಕಿ ಬಾಯಿಗೆ ಬಾಗಲಾ ಇಲ್ಲ, ಚಿಲಕಾನೂ ಇಲ್ಲ."

ನಾನು ಬಾಯಿ ತೆರೆದೆ. ಮಗಳು ಅಂಗೈಯಿಂದ ಮುಚ್ಚಿದಳು.

"ಹಂಗಾರ ಜಗಳಗಂಟಿ ಅನ್ನು."

"ಮತ್ತ! ಆದ್ರ ಒಂದ ಮಾತು ಕೇಳ್ರಿ. ಹ್ವಾದ ಮಳಿಗಾಲದಾಗ ನನಗ ಜ್ವರ ಬಂದು ಮಲಗಿದ್ದೆ. ನನ್ನ ಸೊಸಿ ತವರಮನ್ಯಾಗ. ರೊಟ್ಟಿ ಸಪ್ಪಳ ಇಲ್ಲಂತ ಈ ಮಹಾತಾಯಿ ಕೆಳಗ ಇಳದು ಬಂದ್ಲು. ಬೈಯಾಕ ಬಂದಾಳಂತ ನಾ ಗ್ವಾಡಿ ಕಡೆ ಹೊಳ್ಳಿ ಮಲಗಿದೆ. ನನ್ನ ಹಣಿ ಮುಟ್ಟಿ ನೋಡಿದ್ಲು, ಗುಳಿಗಿ ತರಿಸಿದ್ಲು, ಸೀರಿ ಸೆರಗ ಕಟ್ಟಿ ಒಲಿ ಮುಂದ ಕುಂತ್ಲು. ನಾ ಏಳೂತನಾ ಗಿರಾಕಿಗೆ ಅಕಿನ ರೊಟ್ಟಿ ಮಾಡಿ ಹಾಕ್ಯಾಳ."

"ಹೌದ?"

"ಹೌದ್ರಿ. ಎಂಥಾ ರೊಟ್ಟಿ ಅಂತೀರಿ, ಹಂಚಿನಕಿಂತ ದಪ್ಪ! ಗಿರಾಕಿ ಇನ್ನೂ ನನಗ ಬೈತಾರ."

ಆಯಿಯ ನಗು ಹೊಗೆಯ ಜೊತೆ ಮೇಲೆ ಬಂತು. ದಪ್ಪ ಅಂದದ್ದು ಸುಳ್ಳು. ಒಂದೆರಡು ದಪ್ಪ ಆಗಿರಬಹುದು.

"ಮತ್ತ ಹುಡುಗಿ?"

ಮಗಳ ಕೈ ನನ್ನ ಬಾಯಿಯ ಮೇಲೇ ಇತ್ತು.

"ಹುಡುಗಿ ಸುದ್ದಿ ಬ್ಯಾರೆ ಐತ್ರಿ. ತಾಯಿ ಸೌಟ ಬಡದು ಒಳಗ ಹ್ವಾದ್ಲಂದ್ರ, ಸಾಲಿಗೆ ಹೋಗೂ ಮುಂದ ಮಗಳು ನನ್ನ ಕಡೆ ಬರತಾಳ. 'ಕಾಕು, ನಮ್ಮವ್ವ ಅಂದದ್ದು ಮನಸಿಗೆ ಹಚ್ಚಿಕೋಬ್ಯಾಡ್ರಿ' ಅಂತಾಳ. ಒಂದ ರೊಟ್ಟಿ ಚಟ್ನಿ ಹಚ್ಚಿಕೊಂಡು ನಿಂತಾಗ ತಿಂದು ಬಸ್ಸಿಗೆ ಹೋಗತಾಳ. ದಿನಾ ಬರತಾಳ್ರಿ. ಇವತ್ತ ಸಾಲಿ ಸೂಟಿ, ಬಂದಿಲ್ಲ."

ನಾನು ಮಗಳ ಕಡೆ ತಿರುಗಿದೆ. ಅವಳು ನೀರಿನ ಕಡೆ ನೋಡುತ್ತಿದ್ದಳು. ಮನೆಯಲ್ಲಿ ಉಪ್ಪಿಟ್ಟು ಅರ್ಧ ಬಿಟ್ಟು "ಹೊಟ್ಟಿ ತುಂಬಿತು" ಅನ್ನುತ್ತಿದ್ದವಳ ಗುಟ್ಟು ಇಷ್ಟು ದಿನ ಗೊತ್ತಿರಲಿಲ್ಲ ನನಗೆ.

ಕೆಳಗೆ ತಟ್ಟೆ ಸರಿಸಿದ ಸಪ್ಪಳ. ಆಮೇಲೆ ಆಯಿ, "ಒಂದ ಲೋಟ ಮಜ್ಜಿಗಿ ಕೊಡು. ಮ್ಯಾಲ ಹೋಗೂಣು" ಅಂದರು.

ಬಂದರು. ಆಯಿಯ ಇಬ್ಬರು ಮಕ್ಕಳು, ಹುಡುಗನ ಅಪ್ಪ ಮತ್ತು ಕಾಕಾ, ಹಣ್ಣಿನ ಚೀಲ ಹಿಡಿದು ಹಿಂದೆ, ಆಯಿ ಮುಂದೆ. ಲಿಫ್ಟಿನಿಂದ ಹೊರಗೆ ಕಾಲಿಡುತ್ತಲೇ "ಡಬ್ಬಿಯೊಳಗ ಹಾಕಿ ಎತ್ತತಾರ, ಹೆಸರುಂಡಿ ಗತೆ" ಅಂದರು. ಕೂತರು, ನೀರು ಕುಡಿದರು. ನಮ್ಮ ಯಜಮಾನರು ಬಾಲ್ಕನಿಯ ಕದ ತೆರೆದು ಹಿನ್ನೀರು ತೋರಿಸಿದರು, ತಾವೇ ತುಂಬಿಸಿದವರ ಹಾಗೆ. ಆಯಿ ಒಂದು ಸಲ ಕಣ್ಣು ಹಾಯಿಸಿದರು.

"ಚಲೋ ಐತಿ. ನಾ ಏನು ನೀರು ನೋಡಾಕ ಬಂದಿಲ್ಲ." ನನ್ನ ಕಡೆ ತಿರುಗಿದರು. "ಎಲ್ಲಿ ತಂಗಿ, ಆ ಸೌಟ ತೋರಸು."

ನಾನು ಅಡುಗೆಮನೆಗೆ ಹೋಗಿ ತಂದೆ. ಇನ್ನೇನು ಮಾಡಲಿ? ಆಯಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಬಡಿದು ಬಡಿದು ಒಂದು ಕಡೆ ಚಪ್ಪಟೆಯಾಗಿತ್ತು.

"ನಮ್ಮ ಮನ್ಯಾಗ ಎಲ್ಲಾರೂ ಸಂಭಾವಿತರು. ಸಿಟ್ಟ ಬಂದ್ರ ಮಾತಾಡೂದ ಬಿಡತಾರ. ವರ್ಸಾನಗಟ್ಟಲೆ ಬಿಡತಾರ." ಇಬ್ಬರು ಮಕ್ಕಳೂ ನೆಲ ನೋಡಿದರು. "ಬೈದು, ಜ್ವರ ಬಂದಾಗ ಹಣಿ ಮುಟ್ಟಿ ನೋಡೂ ಮಂದಿ ಚಲೋ. ಓಣಿ ಇಲ್ಲಂತ ತಿಳದಿದ್ದೆ, ಐತಲ್ಲ. ಸಕ್ಕರಿ ತರ್ರಿ. ಮತ್ತ ಆ ಕೆಳಗಿನಾಕಿನ್ನೂ ಕರೀರಿ."

ಕರೆಯಲು ಸೌಟೇ ಸಾಕಾಯಿತು. ಖಾನಾವಳಿಯಾಕೆ ಕೈಗೆ ಹತ್ತಿದ ಹಿಟ್ಟು ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು. ಆಯಿ ಸಕ್ಕರೆ ಬಟ್ಟಲು ಆಕೆಯ ಕೈಗೇ ಕೊಟ್ಟರು. ಆಕೆ ಮೊದಲು ಮಗಳ ಬಾಯಿಗೆ ಹಾಕಿದಳು, ಆಮೇಲೆ ನನ್ನ ಬಾಯಿಗೆ, ತುಸು ಹೆಚ್ಚೇ.

ಅವರೆಲ್ಲ ಹೋದ ಮೇಲೆ ಕೇಳಿದೆ: "ಬಂದವರು ಯಾರಂತ ಗೊತ್ತಿಲ್ಲದನ ನನ್ನ ಸುದ್ದಿ ಎಲ್ಲಾ ಹೇಳಿದೆಲ್ಲ ಯಕ್ಕಾ, ಏನ ಧೈರ್ಯ ನಿಂದು!"

"ಗೊತ್ತಿಲ್ಲದ ಏನ್ರಿ? ಹೊಸಾ ಸೀರಿ ಉಟ್ಟ ಮುದುಕಿ, ಜೋಡಿಗೆ ಇಬ್ಬರು ಗಂಡಸರು, ಕೈಯಾಗ ಹಣ್ಣಿನ ಚೀಲ. ಹಸದು ಬಂದವರು ಪಲ್ಲೆ ಏನಂತ ಕೇಳತಾರ, ಮ್ಯಾಲಿನವರು ಹೆಂಗಂತ ಕೇಳತಾರೇನು?"

"ಮತ್ತ ದಿನಾ ಜಗಳ ಅಂತ ಯಾಕ ಅಂದಿ?"

"ಬರೇ ಚಲೋ ಹೇಳಿದ್ರ ಯಾರು ನಂಬತಾರ ಅಕ್ಕಾರ? ಪಲ್ಲೆಕ ಖಾರ ಇದ್ರನ ರುಚಿ."

ಲಗ್ನ ಆಯಿತು. ಮಗಳ ಜವಳಿ ಹೊಲಿದದ್ದು ಕೆಳಗಿನ ಟೇಲರ್. ಬೀಗರು ಬಂದಾಗ ಕುರ್ಚಿ ಹೊತ್ತು ತಂದದ್ದು ಕಟಿಂಗ್ ಶಾಪಿನವನು. ಬುತ್ತಿಯ ರೊಟ್ಟಿ ಯಾರದೆಂದು ಹೇಳಬೇಕಾಗಿಲ್ಲ. ಮಗಳು ಈಗ ನೇಸರಗಿಯಿಂದ ಸಾಲೆಗೆ ಹೋಗುತ್ತಾಳೆ. ಆಯಿ ಜೊತೆ ಜಗಳ ಮಾಡುವುದನ್ನು ಕಲಿತಿದ್ದಾಳಂತೆ. ಆಯಿಯೇ ಫೋನು ಮಾಡಿ ಖುಷಿಯಿಂದ ಹೇಳಿದರು.

ಮಗಳು ಗಂಡನ ಮನೆಗೆ ಹೋದ ಮರುದಿನ ನನಗೆ ಸೌಟು ಎತ್ತುವ ಮನಸ್ಸಾಗಲಿಲ್ಲ. ಘಾಟು ಬಂತು, ಸೀನಿದೆ, ಹಾಗೇ ಕೂತೆ. ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ ಸಪ್ಪಳ. ತೆರೆದರೆ ಖಾನಾವಳಿಯಾಕೆ. ಏನೂ ಕೇಳದೆ ನನ್ನ ಹಣೆ ಮುಟ್ಟಿ ನೋಡಿದಳು.

"ಜ್ವರ ಇಲ್ಲ" ಅಂದಳು. "ಮತ್ತ ಯಾಕ ಬಡೀಲಿಲ್ಲ? ಟೇಲರ್ ಇನ್ನೂ ಶಟರ್ ಎತ್ತಿಲ್ಲ."

ಅಂದಿನಿಂದ ತಪ್ಪದೆ ಬಡಿಯುತ್ತೇನೆ. ಬಡಿದು, ಬೈದು, ಬೈಸಿಕೊಂಡು, ಚಪ್ಪಲಿ ಮೆಟ್ಟಿ ಕೆಳಗೆ ಹೋಗುತ್ತೇನೆ. ಮಗಳು ಮಾಡುತ್ತಿದ್ದ ಕೆಲಸ ಈಗ ನನ್ನ ಪಾಲಿಗೆ ಬಂದಿದೆ. ಅವಳ ಹಾಗೆ ಮನಸ್ಸಿಗೆ ಹಚ್ಚಿಕೋಬೇಡ ಅಂತೆಲ್ಲ ಹೇಳಲು ನನಗೆ ಬರುವುದಿಲ್ಲ. ನೀರಿನ ಕಡೆ ಮುಖ ಮಾಡಿ ನಿಂತು, ಒಂದು ಬಿಸಿ ರೊಟ್ಟಿ ತಿಂದು, "ಚಟ್ನಿಗೆ ಉಪ್ಪು ಕಡಿಮಿ ಆಗೇತಿ" ಅನ್ನುತ್ತೇನೆ. ಆಕೆ ಇನ್ನೊಂದು ರೊಟ್ಟಿ ಹಾಕುತ್ತಾಳೆ.